ಉಳಿಯುವ ಒಂದು ವರ್ಷ


ಅಮೆರಿಕದಲ್ಲಿ ನೆಲೆಸಿದ ನಮ್ಮವರು ಮಕ್ಕಳ ಓದಿನ ಬಗ್ಗೆ ನನ್ನನ್ನು ಕೇಳುವಾಗ ಈಚೆಗೆ ಆಕ್ಯುಪೇಷನಲ್ ಥೆರಪಿಯ ಮಾತೂ ಬರುತ್ತದೆ. ಪಾರ್ಶ್ವವಾಯು ಬಡಿದವರಿಗೆ ತುತ್ತು ಎತ್ತುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ರೂಢಿ ಮಾಡಿಸುವ ವಿದ್ಯೆ ಅದು. ಅಲ್ಲಿ 2007ರಿಂದ ಈ ವೃತ್ತಿಗೆ ಸ್ನಾತಕೋತ್ತರ ಓದೇ ಬೇಕು. ಕೆಲವು ವಿಶ್ವವಿದ್ಯಾಲಯಗಳು ಪದವಿಯ ಕೊನೆಯ ವರ್ಷವನ್ನೇ ಸ್ನಾತಕೋತ್ತರದ ಮೊದಲ ವರ್ಷವಾಗಿಸಿ, ಎರಡನ್ನೂ ಐದೇ ವರ್ಷಕ್ಕೆ ಮುಗಿಸುತ್ತವೆ.

ಅವಸರದ ಕೆಲಸವೆಂದರೆ ನನಗೆ ಅನುಮಾನ. ಕಾಂಕ್ರೀಟಿಗೆ ನೀರುಣಿಸುವ ದಿನಗಳನ್ನು ಕಡಿತಗೊಳಿಸಿದ ಗುತ್ತಿಗೆದಾರರ ಬಿಲ್ಲು ತಡೆದವನು ನಾನು. ಆದರೆ ಇಲ್ಲಿ ರೋಗಿಗಳ ನಡುವಿನ ಪೂರ್ಣಾವಧಿ ತರಬೇತಿ, ಕನಿಷ್ಠ 24 ವಾರ, ಹಾಗೆಯೇ ಇದೆ. ಉಳಿಯುವುದು ಒಂದು ವರ್ಷದ ಶುಲ್ಕ. ಸಾಲ ಮಾಡಿ ಓದಿಸುವ ಮನೆಗೆ ಅದು ಸಣ್ಣದಲ್ಲ.

ತೊಡಕು ಬೇರೆಡೆ ಇದೆ. ಹದಿನೇಳು, ಹದಿನೆಂಟಕ್ಕೇ ಮಕ್ಕಳು ದಾರಿ ಆರಿಸಬೇಕು. ನಡುವೆ ಅಂಕ ಕುಸಿದರೆ ಸ್ನಾತಕೋತ್ತರದ ಸೀಟು ಕೈತಪ್ಪಬಹುದು. ಅಲ್ಲಿಯ ಬರಿಯ ಪದವಿಯಿಂದ ವೃತ್ತಿಯ ಅರ್ಹತಾ ಪರೀಕ್ಷೆಗೆ ಕೂರಲಾಗದು. ಸ್ನಾತಕೋತ್ತರ ಕೋರ್ಸಿಗೆ ಮಾನ್ಯತೆ ಇದೆಯೇ, ಮುಂದುವರಿಯಲು ಎಷ್ಟು ಅಂಕ ಬೇಕು ಎಂಬುದನ್ನು ಶುಲ್ಕ ಕಟ್ಟುವ ಮುನ್ನ ಬರಹದಲ್ಲೇ ಪಡೆಯಿರಿ. ಅದಕ್ಕೂ ಮೊದಲು, ಮಗುವನ್ನು ನಾಲ್ಕು ದಿನ ಒಂದು ಪುನರ್ವಸತಿ ವಾರ್ಡಿನಲ್ಲಿ ಕೂರಿಸಿ ನೋಡಿ.