ನಿಲ್ಲಲೊಲ್ಲದ ಪಂಖ

ತಿರುಗದ ಪಂಖ ಯಾರಿಗೂ ಹೊಸತಲ್ಲ. ಸ್ವಿಚ್ಚು ಒತ್ತಿದರೂ ಅಲುಗದೆ ಕುಳಿತ ಯಂತ್ರವನ್ನು ಬೈದು, ತಟ್ಟಿ, ಕಡೆಗೆ ಮೇಸ್ತ್ರಿಯ ಕೈಗೆ ಒಪ್ಪಿಸುವ ಕ್ರಮ ಎಲ್ಲರಿಗೂ ರೂಢಿಯಾಗಿದೆ. ಆದರೆ ಸ್ವಿಚ್ಚು ಆರಿಸಿ, ಕೀಲಿಕೈ ತೆಗೆದು, ಬಾಗಿಲಿಗೆ ಬೀಗ ಹಾಕಿದ ಮೇಲೂ ಕಾರಿನ ಒಳಗಿನಿಂದ ಗಾಳಿ ಭರ್ರೆಂದು ಬೀಸುತ್ತಲೇ ಇದ್ದರೆ? ಆ ಸದ್ದು ಎಂತಹ ಗಟ್ಟಿಗನನ್ನೂ ಕ್ಷಣಕಾಲ ತಬ್ಬಿಬ್ಬುಗೊಳಿಸುವಂಥದು.

ಶೀತದೇಶಗಳಲ್ಲಿ ಈ ಪಂಖಕ್ಕೆ ‘ಹೀಟರ್ ಪಂಖ’ವೆಂದೇ ಹೆಸರು. ಹೊರಗಿನ ಗಾಳಿಯನ್ನು ಒಳಗೆಳೆದು, ಸೋಸಿ, ಎಂಜಿನ್ನಿನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರಿನ ಮೂಲಕ ಹಾಯಿಸಿ ಬೆಚ್ಚಗೆ ಮಾಡುವ ಏರ್ಪಾಡನ್ನು ಅಮೆರಿಕದ ನ್ಯಾಶ್ ಕಂಪೆನಿ 1938ರಲ್ಲಿ ತನ್ನ ಕಾರುಗಳಲ್ಲಿ ಬಳಕೆಗೆ ತಂದಿತು. ನಮ್ಮ ಕಡೆ ಮಡಿಕೇರಿಯ ಘಟ್ಟವನ್ನು ಬೆಳಗಿನ ಜಾವ ಏರುವವರನ್ನು ಬಿಟ್ಟರೆ ಹೀಟರಿನ ಗುಂಡಿಯನ್ನು ತಿರುಗಿಸುವವರು ವಿರಳ. ಇಲ್ಲಿ ಅದೇ ಪಂಖವನ್ನು ‘ಏಸಿ ಫ್ಯಾನು’ ಎನ್ನುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಅದು ‘ಬ್ಲೋವರ್’. ಹೆಸರು ಮೂರಾದರೂ ಪಂಖ ಒಂದೇ, ಅದರ ರೋಗವೂ ಒಂದೇ.

ಮೊದಲು ತಿರುಗುತ್ತಿರುವುದು ಯಾವ ಪಂಖ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಬಾನೆಟ್ಟಿನ ಕೆಳಗೆ ರೇಡಿಯೇಟರಿಗೆ ಗಾಳಿ ಬೀಸುವ ಇನ್ನೊಂದು ಪಂಖವುಂಟು. ಅದು ಎಂಜಿನ್ ನಿಂತ ಮೇಲೂ ಕೆಲವು ನಿಮಿಷ ತಿರುಗುವುದು ಅನೇಕ ಕಾರುಗಳಲ್ಲಿ ಸಹಜ. ಜನರಲ್ ಮೋಟರ್ಸ್ ಕಂಪೆನಿಯ ಕೆಲವು ಕಾರುಗಳಲ್ಲಂತೂ, ಏಸಿಯ ಸುರುಳಿಗಳ ಮೇಲಿನ ತೇವವನ್ನು ಒಣಗಿಸುವುದಕ್ಕಾಗಿ, ಕಾರು ನಿಂತು ಬಹಳ ಹೊತ್ತಾದ ಮೇಲೆ ಒಳಗಿನ ಬ್ಲೋವರ್ ತಾನಾಗಿಯೇ ಎದ್ದು ಸ್ವಲ್ಪ ಕಾಲ ಬೀಸಿ ಸುಮ್ಮನಾಗುತ್ತದೆ. ಇವು ರೋಗಗಳಲ್ಲ. ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಗಾಳಿ ಬಿಡುವಿಲ್ಲದೆ ಬರುತ್ತಿದ್ದು, ಗುಂಡಿಯ ಮಾತಿಗೆ ಅದು ಕಿವಿಗೊಡದಿದ್ದರೆ ಮಾತ್ರ ಚಿಂತಿಸಬೇಕು. ಪೂರ್ಣ ವೇಗದಲ್ಲಿ ಬ್ಲೋವರ್ ಸಾಧಾರಣವಾಗಿ 15ರಿಂದ 20 ಆಂಪಿಯರ್ ವಿದ್ಯುತ್ತನ್ನು ಹೀರುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಇದಕ್ಕೆ ಎರಡು ಗಂಟೆಯ ತುತ್ತು.

ಇಂತಹ ಸಂದರ್ಭದಲ್ಲಿ ನೆರೆಯವರು ಕೊಡುವ ಸಿದ್ಧೌಷಧ ಒಂದಿದೆ: “ರೆಸಿಸ್ಟರ್ ಹೋಗಿದೆ, ಬದಲಾಯಿಸಿ.” ನಾಲ್ಕು ವೇಗಗಳ ತಿರುಗುಗುಂಡಿಯಿರುವ ಹಳೆಯ ಬಗೆಯ ಕಾರಿನಲ್ಲಿ ಈ ಸಲಹೆ ತರ್ಕಕ್ಕೆ ನಿಲ್ಲುವುದಿಲ್ಲ. ಅಲ್ಲಿ ರೆಸಿಸ್ಟರಿನ ಕೆಲಸ ವಿದ್ಯುತ್ತಿನ ದಾರಿಗೆ ಅಡ್ಡ ನಿಂತು ಪಂಖದ ವೇಗವನ್ನು ತಗ್ಗಿಸುವುದು. ಅದು ಸುಟ್ಟುಹೋದರೆ ಕೆಳಗಿನ ವೇಗಗಳು ಸತ್ತು, ರೆಸಿಸ್ಟರಿನ ಹಂಗಿಲ್ಲದ ಮೇಲಿನ ವೇಗವೊಂದೇ ಉಳಿಯುತ್ತದೆ. ಅಡ್ಡ ನಿಂತವನು ಸತ್ತರೆ ದಾರಿ ಕಡಿಯುತ್ತದೆಯೇ ಹೊರತು ಆರಿದ ಪಂಖ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಉಷ್ಣತೆಯನ್ನು ತಾನೇ ಹೊಂದಿಸಿಕೊಳ್ಳುವ ಕಾರುಗಳಲ್ಲಿ ರೆಸಿಸ್ಟರಿನ ಜಾಗದಲ್ಲಿ ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಕುಳಿತಿರುತ್ತದೆ. ಟ್ರಾನ್ಸಿಸ್ಟರ್ ಕೆಟ್ಟಾಗ ಬಹುಮಟ್ಟಿಗೆ ಒಳಗೊಳಗೇ ಬೆಸೆದುಕೊಂಡು ತೆರೆದ ತೂಬಿನಂತಾಗುತ್ತದೆ. ಆಗ ಪಂಖವನ್ನು ತಡೆಯುವವರೇ ಇಲ್ಲ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಎಷ್ಟು ಜನರ ಹಣ ವೃಥಾ ವ್ಯಯವಾಗಿದೆಯೋ!

ಆದುದರಿಂದ ಭಾಗಗಳನ್ನು ಕೊಳ್ಳುವ ಮುನ್ನ ಪಂಖವನ್ನೇ ಪ್ರಶ್ನಿಸುವುದು ಲೇಸು. ಕೀಲಿಕೈ ತೆಗೆದಾಗ ಅದು ನಿಲ್ಲುತ್ತದೆಯೇ? ನಿಂತರೆ, ಪಂಖಕ್ಕೆ ಬರುವ ವಿದ್ಯುತ್ತು ಕೀಲಿಯನ್ನು ದಾಟಿಯೇ ಬರುತ್ತಿದೆ. ದೋಷ ಅದರ ಮುಂದಿನ ದಾರಿಯಲ್ಲಿ, ಎಂದರೆ ಗುಂಡಿಯಲ್ಲೋ ಮಾಡ್ಯೂಲಿನಲ್ಲೋ ತಂತಿಯಲ್ಲೋ ಪಂಖದ ರಿಲೇಯಲ್ಲೋ ಇರಬೇಕು. ಕೀಲಿಕೈ ತೆಗೆದರೂ ನಿಲ್ಲದಿದ್ದರೆ ಬ್ಯಾಟರಿಯಿಂದ ನೇರವಾಗಿ ಬರುವ ದಾರಿಯೊಂದು ತೆರೆದುಕೊಂಡಿದೆ; ರಿಲೇ ಹಾಗೂ ಮಾಡ್ಯೂಲುಗಳ ಮೇಲೆ ಸಂಶಯ ಬಲವಾಗುತ್ತದೆ.

ರಿಲೇ ಎಂಬುದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಡಬ್ಬಿ. ಅದರೊಳಗೆ ಅಲ್ಪ ವಿದ್ಯುತ್ತಿನಿಂದ ಅಯಸ್ಕಾಂತವಾಗುವ ಸುರುಳಿ, ಭಾರಿ ವಿದ್ಯುತ್ತನ್ನು ಹೊರುವ ಎರಡು ಲೋಹದ ತುದಿಗಳು ಇರುತ್ತವೆ. ಪ್ರತಿಸಲ ಕೂಡಿ ಬೇರೆಯಾಗುವಾಗಲೂ ಈ ತುದಿಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ವರ್ಷಗಟ್ಟಲೆ ಹೀಗೆ ಕಿಡಿ ತಿಂದ ತುದಿಗಳು ಒಂದು ದಿನ ಪರಸ್ಪರ ಬೆಸುಗೆಯಾಗಿಬಿಡುತ್ತವೆ. ಗುಂಡಿ ಎಷ್ಟು ಆರಿಸಿದರೂ ಬಿಡುವುದಿಲ್ಲ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿನ ನಕ್ಷೆ ನೋಡಿ ಬ್ಲೋವರಿನ ರಿಲೇಯನ್ನು ಕಿತ್ತಾಗ ಪಂಖ ನಿಂತು, ಅದೇ ಸಂಖ್ಯೆಯ ಬೇರೊಂದು ರಿಲೇಯನ್ನು, ಹಾರ್ನಿನದಾದರೂ ಸರಿ, ಆ ಜಾಗದಲ್ಲಿ ಕೂರಿಸಿದಾಗ ಗುಂಡಿ ಹೇಳಿದಂತೆ ಕೇಳಿದರೆ, ಕಳ್ಳ ಸಿಕ್ಕಂತಾಯಿತು. ಕೆಲವರು ಹಳೆಯ ರಿಲೇಯನ್ನೇ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾರೆ, ಪಂಖ ನಿಲ್ಲುತ್ತದೆ. ಅದು ಸಾಕ್ಷ್ಯವೇ ಹೊರತು ಚಿಕಿತ್ಸೆಯಲ್ಲ.

ರಿಲೇ ನಿರಪರಾಧಿಯಾದರೆ ಮಾಡ್ಯೂಲಿನ ಸರದಿ. ಅದು ಸಾಮಾನ್ಯವಾಗಿ ಗ್ಲೌಬಾಕ್ಸಿನ ಹಿಂದೆ, ಗಾಳಿ ಹಾಯುವ ಕೊಳವೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಪಂಖದ ಗಾಳಿಯೇ ಅದನ್ನು ತಂಪಾಗಿಡಬೇಕೆಂಬುದು ಆ ಸ್ಥಾನಕ್ಕೆ ಕಾರಣ. ಕೈ ಸುಡುವಷ್ಟು ಕಾದಿರಬಹುದಾದ್ದರಿಂದ ಎಚ್ಚರಿಕೆಯಿಂದ ಅದರ ಪ್ಲಗ್ಗನ್ನು ಬಿಡಿಸಬೇಕು. ಬಿಡಿಸಿದೊಡನೆ ಪಂಖ ನಿಂತರೆ ದೋಷ ಮಾಡ್ಯೂಲಿನದೋ, ಅದಕ್ಕೆ ಆಜ್ಞೆ ಕೊಡುವ ಗುಂಡಿಯದೋ. ಆಗಲೂ ತಿರುಗುತ್ತಿದ್ದರೆ ತಂತಿಯನ್ನೇ ಹುಡುಕಬೇಕು. ಬಹಳಷ್ಟು ಕಾರುಗಳಲ್ಲಿ ಗುಂಡಿಯು ವಿದ್ಯುತ್ತನ್ನು ಪಂಖಕ್ಕೆ ಕಳಿಸುವುದಿಲ್ಲ. ಪಂಖದಿಂದ ಮರಳುವ ದಾರಿಯನ್ನು ಕಾರಿನ ಮೈಲೋಹಕ್ಕೆ ಜೋಡಿಸುತ್ತದೆ. ಅಂತಹ ಕಡೆ ಮೋಟರಿನಿಂದ ಬರುವ ತಂತಿಯ ಹೊದಿಕೆ ಎಲ್ಲಾದರೂ ಉಜ್ಜಿ ಹರಿದು ಮೈಗೆ ತಾಕಿತೆಂದರೆ, ಗುಂಡಿಯ ಅಪ್ಪಣೆಯಿಲ್ಲದೆಯೇ ಪಂಖ ತಿರುಗತೊಡಗುತ್ತದೆ.

ದೋಷ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಕೇಳುವವರು ಕಡಮೆ: ಆ ಭಾಗ ಸುಟ್ಟದ್ದಾದರೂ ಏಕೆ? ಧೂಳಿನಿಂದ ಕಟ್ಟಿಕೊಂಡ ಗಾಳಿಸೋಸುಕ, ಪಂಖದ ಗೂಡಿನಲ್ಲಿ ಸೇರಿದ ತರಗೆಲೆ, ಸವೆದು ಬಿಗಿಯಾಗಿ ತಿರುಗುವ ಮೋಟರು, ಇವುಗಳನ್ನು ಹಾಗೆಯೇ ಬಿಟ್ಟು ಹೊಸ ಮಾಡ್ಯೂಲನ್ನು ಕೂರಿಸಿದರೆ ಅದೂ ಹಳೆಯದರ ಹಾದಿ ಹಿಡಿಯುತ್ತದೆ. ಈ ಅಲಕ್ಷ್ಯ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ಬ್ರಿಟನ್ನು ಕಂಡಿದೆ. ಅಲ್ಲಿ 2005ರಿಂದ 2014ರವರೆಗೆ ಮಾರಾಟವಾದ ವಾಕ್ಸ್‌ಹಾಲ್ ಝಾಫಿರಾ-ಬಿ ಎಂಬ ಕುಟುಂಬಗಳ ಮೆಚ್ಚಿನ ಕಾರುಗಳಲ್ಲಿ ಹಲವಕ್ಕೆ ಹೀಟರಿನ ಭಾಗದಿಂದ ಬೆಂಕಿ ಹೊತ್ತಿತು. ರೆಸಿಸ್ಟರಿನ ಮೇಲೆ ಅತಿಯಾದ ಬಿಸಿಗೆ ಕರಗಿ ದಾರಿ ಕಡಿಯಬೇಕಾದ ಪುಟ್ಟ ಫ್ಯೂಸ್ ಇತ್ತು. ಅದನ್ನು ಸಲ್ಲದ ರೀತಿಯಲ್ಲಿ ರಿಪೇರಿ ಮಾಡಿದ್ದು ಕಾರಣವೆಂದು ಕಂಪೆನಿ 2015ರಲ್ಲಿ 2 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿತು. ಹಾಗೆ ಸರಿಪಡಿಸಿದ ಕೆಲವು ಕಾರುಗಳೂ ಹೊತ್ತಿಕೊಂಡವು! ಮೋಟರಿನೊಳಗೆ ತೇವ ಸೇರಿ, ತುಕ್ಕು ಹಿಡಿದು, ಪಂಖ ಬಿಗಿಯಾಗುತ್ತಿದ್ದುದು ಆಮೇಲೆ ಹೊರಬಿತ್ತು. 2016ರಲ್ಲಿ ಎರಡನೆಯ ಬಾರಿ ಕರೆಸಬೇಕಾಯಿತು. ಕಂಪೆನಿ ಎಚ್ಚೆತ್ತದ್ದು ತೀರ ತಡವಾಗಿ ಎಂದು ಬ್ರಿಟಿಷ್ ಸಂಸತ್ತಿನ ಸಾರಿಗೆ ಸಮಿತಿ 2017ರಲ್ಲಿ ಕಟುವಾಗಿ ಆಕ್ಷೇಪಿಸಿತು.

ಇಷ್ಟನ್ನು ಬಲ್ಲವರು ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವ ಮೇಸ್ತ್ರಿಗೆ ಕಾರಿನ ಬಾಗಿಲು ತೆರೆಯಲಾರರು. ದೋಷ ಸಿಕ್ಕುವ ತನಕ ಬ್ಲೋವರಿನ ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದೇ ಕ್ಷೇಮ. ಅದು ಯಾವುದೆಂದು ತಿಳಿಯದಿದ್ದರೆ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿಡಬೇಕು. ಹಾಗೆ ಫ್ಯೂಸ್ ಕಿತ್ತ ಕಾರಿನಲ್ಲಿ ಮಳೆಗಾಲದ ರಾತ್ರಿ ಘಟ್ಟ ಹತ್ತುವ ಸಾಹಸ ಮಾತ್ರ ಬೇಡ. ಮುಂದಿನ ಗಾಜಿಗೆ ಹಿಡಿದ ಮಂಜನ್ನು ಒರೆಸುವುದಕ್ಕೂ ಅದೇ ಪಂಖ ಬೇಕು.