ಎರಡು ದಿನಾರ್, ಮೇಲೆ ಐದು ದಿನಾರ್

ರಜೆ ಮುಗಿಸಿ ಊರಿಂದ ಕುವೈತ್‌ಗೆ ಹೊರಟ ಯಾರ ಸೂಟ್‌ಕೇಸ್ ತೆಗೆದು ನೋಡಿದ್ರೂ ಮೂರು ವಸ್ತು ಇದ್ದೇ ಇರುತ್ತೆ: ಉಪ್ಪಿನಕಾಯಿ, ಸಾರಿನ ಪುಡಿ, ತಿಂಗಳುಗಟ್ಟಲೆಗೆ ಆಗುವಷ್ಟು ಮಾತ್ರೆ. ನಮ್ಮನೆಯಲ್ಲೂ ಅಪ್ಪನ ಬಿಪಿ ಮಾತ್ರೆ, ಜೊತೆಗೆ ಡಾಕ್ಟರ ಚೀಟಿ ಕಟ್ಟಿಡೋದು ಅಮ್ಮನ ಕೆಲಸ. ಚಿಕ್ಕವನಿದ್ದಾಗ ಇದೊಂದು ಅಭ್ಯಾಸ ಅಂದ್ಕೊಂಡಿದ್ದೆ. ಅದರ ಹಿಂದೆ ಒಂದು ಲೆಕ್ಕ ಇದೆ ಅಂತ ಈಗ ಗೊತ್ತಾಗಿದೆ.

ಕುವೈತ್‌ನಲ್ಲಿ ಸರ್ಕಾರಿ ಕ್ಲಿನಿಕ್‌ಗಳಿಗೆ ಕೊರತೆಯಿಲ್ಲ. ಅರಬ್ಬಿಯಲ್ಲಿ ಮುಸ್ತೌಸಫ್ ಅಂತಾರೆ. ಸಿವಿಲ್ ಐಡಿಯಲ್ಲಿ ಯಾವ ಏರಿಯಾದ ವಿಳಾಸ ಇದೆಯೋ ಆ ಏರಿಯಾದ ಕ್ಲಿನಿಕ್ ನಮ್ಮದು. ಜ್ವರ, ಮಕ್ಕಳ ಲಸಿಕೆ, ಶುಗರ್, ಬಿಪಿ, ಎಲ್ಲದಕ್ಕೂ ಅದೇ ಮೊದಲ ಮೆಟ್ಟಿಲು. ಕುವೈತಿಗಳಿಗೆ ಉಚಿತ, ನಮ್ಮಂಥ ವಿದೇಶಿಯರಿಗೆ 2 ದಿನಾರ್. ಮಾತ್ರೆಯೂ ಅಷ್ಟರಲ್ಲೇ ಸಿಗ್ತಿತ್ತು. 2022ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯ್ತು. ವಿದೇಶಿಯರು ಔಷಧಿಗೆ ಅಂತ ಕ್ಲಿನಿಕ್‌ನಲ್ಲಿ ಇನ್ನೂ 5 ದಿನಾರ್, ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ 10 ದಿನಾರ್ ಕೊಡಬೇಕು ಅಂತಾಯ್ತು.

ಒಳ್ಳೆ ಸಂಬಳದವರಿಗೆ 7 ದಿನಾರ್ ದೊಡ್ಡದಲ್ಲ. ಆದರೆ ಅಲ್ಲಿ ಖಾಸಗಿ ವಲಯಕ್ಕೆ 2017ರಲ್ಲಿ ನಿಗದಿಯಾದ ಕನಿಷ್ಠ ವೇತನ ತಿಂಗಳಿಗೆ 75 ದಿನಾರ್. ಜಲೀಬ್‌ನಲ್ಲೋ ಮಹಬೂಲಾದಲ್ಲೋ ಒಂದೇ ರೂಮಲ್ಲಿ ಆರೇಳು ಜನ ಇದ್ದುಕೊಂಡು ಊರಿಗೆ ದುಡ್ಡು ಕಳಿಸೋನಿಗೆ ಒಂದು ಭೇಟಿ ಅಂದ್ರೆ ಸಂಬಳದ ಹತ್ತರಲ್ಲೊಂದು ಪಾಲಿನ ಹತ್ತಿರ. ಅವನು ಏನ್ ಮಾಡ್ತಾನೆ? "ಊರಿಗೆ ಹೋದಾಗ ತೋರಿಸ್ತೀನಿ" ಅಂತಾನೆ. ಊರಿಗೆ ಹೋಗೋದು ಎರಡು ವರ್ಷಕ್ಕೊಮ್ಮೆ! ಬಿಪಿ, ಶುಗರ್ ಅಷ್ಟು ದಿನ ಕಾಯೋ ಕಾಯಿಲೆಗಳಲ್ಲ.

ಇನ್ನೊಂದು ಪಕ್ಷಕ್ಕೂ ನ್ಯಾಯ ಇದೆ. ಅಲ್ಲಿನ ಜನಸಂಖ್ಯೆಯಲ್ಲಿ ಮೂರರಲ್ಲಿ ಎರಡು ಪಾಲು ವಿದೇಶಿಯರೇ. ಅಗ್ಗವಾಗಿ ಸಿಕ್ಕ ಔಷಧಿ ಪೋಲಾಗುತ್ತೆ ಅನ್ನೋ ಮಾತೂ ಸುಳ್ಳಲ್ಲ. ಆದರೆ ಇಂಜಿನಿಯರಿಂಗ್ ಓದಿದ ನನಗೆ ಒಂದು ಗೊತ್ತು: ಸರ್ವಿಸ್ ದುಡ್ಡು ಉಳಿಸಿದ ಮಷಿನ್ ಕೊನೆಗೆ ರಿಪೇರಿಯಲ್ಲಿ ದುಪ್ಪಟ್ಟು ಕೇಳುತ್ತೆ. ಇವತ್ತು ಕ್ಲಿನಿಕ್‌ಗೆ ಬಾರದವನು ನಾಳೆ ಸ್ಟ್ರೋಕ್ ಆಗಿ ತುರ್ತು ವಿಭಾಗಕ್ಕೆ ಬರ್ತಾನೆ. ಆ ಖರ್ಚು ಸರ್ಕಾರಕ್ಕೂ ತಪ್ಪಲ್ಲ, ಅವನ ಮನೆಗಂತೂ ತಪ್ಪೋದೇ ಇಲ್ಲ. ದೀರ್ಘಕಾಲದ ಕಾಯಿಲೆಯ ಮಾತ್ರೆಗಾದ್ರೂ, ಕಡಿಮೆ ಸಂಬಳದವರಿಗಾದ್ರೂ, ಆ 5 ದಿನಾರ್ ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.

ವಿಚಿತ್ರ ಅಂದ್ರೆ, ಅದೇ ಡಿಸೆಂಬರ್‌ನಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ 'ನಮ್ಮ ಕ್ಲಿನಿಕ್' ಯೋಜನೆ ಉದ್ಘಾಟನೆಯಾಯ್ತು. ತಪಾಸಣೆ, ಔಷಧಿ ಎರಡೂ ಉಚಿತ. ಊರಲ್ಲಿ ಬಾಗಿಲು ತೆರೆದ ತಿಂಗಳೇ, ಊರು ಬಿಟ್ಟು ದುಡಿಯೋರಿಗೆ ಹೊಸ್ತಿಲು ಎತ್ತರವಾಯ್ತು.

ದರ ಇಳಿಸೋದು ನಮ್ಮ ಕೈಲಿಲ್ಲ. ಆದರೆ ಹೊಸ್ತಿಲು ದರದ್ದೊಂದೇ ಅಲ್ಲ, ಭಾಷೆಯದ್ದೂ ಇದೆ. ಎದೆ "ಹಿಂಡಿದ ಹಾಗಾಗುತ್ತೆ" ಅನ್ನೋದನ್ನ ಅರಬ್ಬಿ ಡಾಕ್ಟರಿಗೆ ಹೇಗೆ ಹೇಳೋದು? ಕನ್ನಡ, ಇಂಗ್ಲಿಷ್, ಅರಬ್ಬಿ ಮೂರರಲ್ಲೂ ರೋಗಲಕ್ಷಣ ಬರೆದ ಒಂದು ಪುಟದ ಕಾರ್ಡ್ ಮಾಡೋಕೆ ನಮ್ಮ ಸಂಘಕ್ಕೆ ಒಂದು ವಾರ ಸಾಕು. ಮುದ್ರಿಸೋದೂ ಬೇಡ, ವಾಟ್ಸಾಪ್‌ನಲ್ಲಿ ಹೋದ್ರೆ ಆಯ್ತು. ಮೆಡಿಕಲ್ ಓದೋ ಗೆಳೆಯರು ತಪ್ಪು ತಿದ್ದಿಕೊಡಲಿ, ಟೈಪ್ ಮಾಡೋ ಕೆಲಸ ನನಗಿರಲಿ.

ಈ ರಜೆಗೆ ಮನೆಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಅಪ್ಪನ ಮಾತ್ರೆ ಡಬ್ಬಿ ತೆಗೆದು ಎಣಿಸಿ. ಈಗಿರೋದು ಮುಂದಿನ ಪ್ರಯಾಣದ ತನಕ ಸಾಲುತ್ತಾ, ಇಲ್ಲ ದಿನ ಬಿಟ್ಟು ದಿನ ನುಂಗಿ ಅದನ್ನ ಸಾಲಿಸ್ತಿದ್ದಾರಾ, ಕೇಳಿ ನೋಡಿ.