ಮಡಿಯುಟ್ಟ ಗೆಜ್ಜೆ

ಅನಂತಪುರದ ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದರು. ಪೇಟೆಯ ನಾಟ್ಯಮಂದಿರದಲ್ಲಿ ಸತ್ಯಭಾಮೆಯ ಕಥೆಯ ಶಾಸ್ತ್ರೀಯ ನೃತ್ಯರೂಪಕ. ಕೆಳಗೆ ದಪ್ಪ ಅಕ್ಷರ: ‘ಇಡೀ ಕುಟುಂಬ ಕೂಡಿ ನೋಡಬಹುದಾದ ಶುದ್ಧ ಕಲೆ.’

ನಮ್ಮ ಓಣಿಯ ಆಯಿಗೆ ಓದಿ ಹೇಳಿದೆ. ಸಣ್ಣಾಕಿ ಇದ್ದಾಗಲೇ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳು, ಚೌಡಿಕಿ ಬಾರಿಸಿ ಹಾಡಿದವಳು. ಕೇಳಿದ್ದು ಒಂದೇ ಮಾತು: ‘ಯಾರ ಕುಟುಂಬೋ ಯಪ್ಪಾ? ನನಗ ಗಂಡ ಇಲ್ಲ, ನನ್ನ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ನಮಗ ಕುಟುಂಬ ಅಂತಾರೇನು?’

ಗೆಳೆಯರೇ, ಈ ಪ್ರಶ್ನೆಗೆ ಉತ್ತರ ಹುಡುಕದೆ ನಾವು ಟಿಕೇಟು ಕೊಳ್ಳಬಾರದು.

ಸತ್ಯಭಾಮೆ ನಮಗೇನು ಹೊಸಬಳಲ್ಲ. ಕೃಷ್ಣ ಪಾರಿಜಾತ ಈ ಸೀಮೆಯದೇ ಆಟ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಕಟ್ಟಿದ್ದು, ಕೌಜಲಗಿ ನಿಂಗಮ್ಮ ಹಾಡಿ ಬೆಳೆಸಿದ್ದು. ಕಂಬಳಿ ಹಾಸಿ, ಬುತ್ತಿ ಬಿಚ್ಚಿ, ಕೂಸುಕುನ್ನಿ ಸಮೇತ ಜನ ಬೆಳತನಕ ನೋಡಿದರು. ನಮ್ಮ ಕಂಬಳಿ ಅಲ್ಲಿಯೂ ದೂರವೇ ಇತ್ತು, ನಿಜ. ಆದರೆ ಆಟ ನೋಡಿ ಯಾರ ಕುಟುಂಬವೂ ಕೆಡಲಿಲ್ಲ. ಅದು ಬರೀ ‘ಜಾನಪದ’ವಂತೆ. ಇದು ‘ಶಾಸ್ತ್ರೀಯ’ವಂತೆ!

ಈ ಶುದ್ಧಿ ಎಲ್ಲಿಂದ ಬಂತು? ಭರತನಾಟ್ಯವನ್ನೇ ನೋಡಿರಿ. ಅದು ತಮಿಳುನಾಡಿನ ದೇವದಾಸಿಯರು ತಲೆಮಾರುಗಳಿಂದ ಕಾಪಾಡಿದ ‘ಸದಿರ್’. 1935ರಲ್ಲಿ ಮದರಾಸಿನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ಬ್ರಾಹ್ಮಣ ಮನೆತನದ ರುಕ್ಮಿಣಿ ದೇವಿ ಅದನ್ನು ಕುಣಿದರು. ಮರುವರ್ಷ ಕಲಾಕ್ಷೇತ್ರ ಹುಟ್ಟಿತು. ಶೃಂಗಾರ ಸೋಸಿ ಭಕ್ತಿ ತುಂಬಿದರು. ಶೃಂಗಾರವೇ ಇದರ ಜೀವ ಎಂದು ದೇವದಾಸಿ ಮನೆತನದ ಬಾಲಸರಸ್ವತಿ ಎದುರು ವಾದಿಸಿದರು. 1947ರಲ್ಲಿ ಮದರಾಸು ಸರಕಾರ ದೇವದಾಸಿ ಪದ್ಧತಿ ನಿಷೇಧಿಸಿತು. ಪದ್ಧತಿ ಹೋಗಬೇಕಾದದ್ದೇ. ಆದರೆ ಆದದ್ದೇನು? ಕುಣಿತ ಮೇಲಿನವರ ಮಗಳಿಗೆ ಒಡವೆಯಾಯಿತು. ಕುಣಿದವಳಿಗೆ ಕಳಂಕ ಉಳಿಯಿತು.

ಪರದೇಶದ ಬ್ಯಾಲೆಯೂ ಮಡಿಯಲ್ಲಿ ಬೆಳೆದದ್ದಲ್ಲ. 18ನೆಯ ಶತಮಾನದ ರಷ್ಯಾದಲ್ಲಿ ಶೆರೆಮೆತೆವ್ ಎಂಬ ಜಮೀನುದಾರ ಶ್ರೀಮಂತ ತನ್ನ ಜೀತದಾಳುಗಳ ಹೆಣ್ಣುಮಕ್ಕಳನ್ನು ರಂಗದ ಮೇಲೆ ಹಾಡಿಸಿದ, ಕುಣಿಸಿದ. ಅವರಿಗೆ ರತ್ನಗಳ ಹೆಸರಿಟ್ಟ. ಅವರಲ್ಲಿ ಹೆಸರಾದ ಹಾಡುಗಾರ್ತಿಗೆ ಇಟ್ಟದ್ದು ‘ಮುತ್ತು’. ಕೇಳಿದಿರಾ? ಅಲ್ಲಿಯೂ ಮುತ್ತೇ!

ತಮಿಳು ದೇಗುಲದ ನರ್ತಕಿಯೂ ನಮ್ಮ ಸವದತ್ತಿ ಎಲ್ಲಮ್ಮನ ಜೋಗತಿಯೂ ಒಂದೇ ಅಲ್ಲ. ಜಾತಿ ಬೇರೆ, ಕಲೆ ಬೇರೆ. ನಮ್ಮಲ್ಲಿ ಮುತ್ತು ಬಿದ್ದದ್ದು ಹೆಚ್ಚಾಗಿ ಹೊಲೆ-ಮಾದಿಗರ ಕೊರಳಿಗೆ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. ಸರಿ. ಆದರೆ ಆ ಕೊರಳಿನ ಹಾಡನ್ನು ಕಲೆಯೆಂದವರು ಎಷ್ಟು ಜನ?

ನಾವು ಕುಣಿತದ ವೈರಿಗಳಲ್ಲ. ನಮ್ಮ ಮಕ್ಕಳೂ ಗೆಜ್ಜೆ ಕಟ್ಟಲಿ, ಭರತನಾಟ್ಯವನ್ನೂ ಕಲಿಯಲಿ. ಆದರೆ ಪರದೆ ಏಳುವ ಮೊದಲು ಹೇಳಿರಿ, ಈ ಹೆಜ್ಜೆ ಯಾರದೆಂದು. ಮಾಸ್ತರರೇ, ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ಮುಂಚೆ ಈ ಪಾಠ ಮಾಡಿರಿ. ಆಯಿಯಂಥವರನ್ನು ಸಂಬಳ ಕೊಟ್ಟು ಚೌಡಿಕಿ ಕಲಿಸಲು ಶಾಲೆಗೆ ಕರೆಸಿರಿ. ಮುಂದಿನ ಸಾಲಿನಲ್ಲಿ ಆಕೆಗೊಂದು ಕುರ್ಚಿ ಹಾಕಿರಿ.

ಅಂದು ಬರೆಯಿರಿ ‘ಇಡೀ ಕುಟುಂಬ’ ಅಂತ. ಅಲ್ಲಿಯತನಕ ಆ ಗೋಡೆಯ ಮೇಲೆ ಇರುವುದು ಅರ್ಧ ಕುಟುಂಬ, ಪೂರಾ ಸುಳ್ಳು.